ಆಕಾಶದಿಂದ ಹಾಳೂರು ಹುಡುಕುವವರು

ಹಿತ್ತಲಲ್ಲಿ ಕೊತ್ತಂಬರಿ ಬಿತ್ತಿದ್ದೀರಾ? ಮಡಿಯ ತುಂಬ ಹುಲುಸಾಗಿ ಬಂದದ್ದು ನಡುವೆ ಒಂದು ಗೆರೆಯುದ್ದಕ್ಕೂ ಮಾತ್ರ ಹಳದಿಯಾಗಿ ಬಾಡಿ ನಿಲ್ಲುತ್ತದೆ. ಗೊಬ್ಬರ ಹಾಕಿದ್ದಾಯಿತು, ನೀರು ಹೊಯ್ದದ್ದಾಯಿತು, ಊಹೂಂ. ಕೊನೆಗೆ ಅಗೆದು ನೋಡಿದರೆ ಅತ್ತೆಯ ಕಾಲದ ಬಚ್ಚಲುಮನೆಯ ತಳಪಾಯ! ಬೇರಿಳಿಯಲು ಮಣ್ಣೇ ಇಲ್ಲದಿದ್ದರೆ ಪಾಪ, ಗಿಡ ತಾನೇ ಏನು ಮಾಡೀತು?

ನೂರಾರು ಮೈಲಿ ಎತ್ತರದಲ್ಲಿ ಸುತ್ತುವ ಉಪಗ್ರಹದ ಚಿತ್ರ ನೋಡಿ, ಮಣ್ಣಲ್ಲಿ ಹೂತುಹೋದ ಕೋಟೆ, ಗುಡಿ, ಊರುಗಳನ್ನು ಹುಡುಕುವವರ ಗುಟ್ಟೂ ಇದೇ ನೋಡಿ. ಹೂತ ಗೋಡೆಯ ಮೇಲಿನ ಪೈರು ಬೇಗ ಒಣಗುತ್ತದೆ. ಮುಚ್ಚಿಹೋದ ಕಂದಕದ ಮೇಲಿನದು ತೇವ ಹಿಡಿದು ಹೆಚ್ಚು ದಿನ ಹಸಿರಾಗಿರುತ್ತದೆ. ಹೊಲದಲ್ಲಿ ನಿಂತವರಿಗೆ ಅದು ಬರೀ ಏರುಪೇರು. ಮೇಲಿನಿಂದ ನೋಡಿದವರಿಗೆ ನೆಟ್ಟನೆಯ ಗೆರೆ, ಚೌಕ. ಅಂಗಳದ ದೊಡ್ಡ ರಂಗೋಲಿ ಮಹಡಿ ಮೇಲಿನಿಂದಲೇ ಚೆನ್ನಾಗಿ ಕಾಣುವುದಿಲ್ಲವೇ, ಹಾಗೆ. ಅದೂ ಅಲ್ಲದೆ ನಮ್ಮ ಕಣ್ಣಿಗೆ ಕಾಣದ ಬೆಳಕನ್ನೂ ಉಪಗ್ರಹ ಹಿಡಿಯುತ್ತದೆ. ಪೈರು ಸೊರಗಿದ್ದು ರೈತನಿಗಿಂತ ಮೊದಲೇ ಅದಕ್ಕೆ ಗೊತ್ತಾಗುವುದುಂಟು.

1988ರಲ್ಲಿ ಹಾರಿದ ನಮ್ಮ ಐ.ಆರ್.ಎಸ್.-1ಎ ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕಿ ಎಂದರೆ ನೆಲದ ಮೇಲೆ ಸುಮಾರು 36 ಮೀಟರ್. ಸಣ್ಣ ಗುಡಿಯೊಂದು ಅದರಲ್ಲಿ ಕರಗಿಯೇ ಹೋಗುತ್ತಿತ್ತು. 2005ರ ಕಾರ್ಟೊಸ್ಯಾಟ್-1ರ ಹೊತ್ತಿಗೆ ಅದು ಎರಡೂವರೆ ಮೀಟರಿಗೆ ಇಳಿಯಿತು, ಅಂದರೆ ಸಣ್ಣ ಅಡುಗೆಮನೆಯಷ್ಟು ಜಾಗ. 2009ರಲ್ಲಿ ಇಸ್ರೋದವರು ‘ಭುವನ್’ ತೆರೆದ ಮೇಲಂತೂ ಮನೆಯಲ್ಲೇ ಕುಳಿತು ನೋಡಬಹುದು.

ದೂರದ ಮಾತೇಕೆ? ನಮ್ಮ ಪಕ್ಕದ ಚಿತ್ರದುರ್ಗವನ್ನೇ ತೆಗೆದುಕೊಳ್ಳಿ. 1997ರವರೆಗೆ ದಾವಣಗೆರೆ, ಹರಿಹರ ಎರಡೂ ಅದೇ ಜಿಲ್ಲೆಯವು. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಎನ್.ಎಸ್. ನಳಿನಿ ಮತ್ತು ಎಂ.ಬಿ. ರಜನಿ ಹಳೆಯ ಚಿತ್ರ, ನಕ್ಷೆಗಳನ್ನು ಉಪಗ್ರಹದ ಚಿತ್ರದೊಡನೆ ಹೊಂದಿಸಿ, ಆ ಕಲ್ಲಿನ ಕೋಟೆಯ ಸುತ್ತಣ ನೆಲ ಹಿಂದೆ ಹೇಗಿತ್ತೆಂದು ಕಂಡುಕೊಂಡು 2012ರಲ್ಲಿ ಪ್ರಕಟಿಸಿದರು. ಬಿಹಾರದ ನಾಲಂದದಲ್ಲೂ ಅಗೆದು ತೆಗೆದದ್ದರ ಆಚೆಗೆ ಅವಶೇಷಗಳು ಹಬ್ಬಿವೆಯೆಂದು ರಜನಿಯವರು ಇದೇ ದಾರಿಯಲ್ಲಿ ತೋರಿಸಿದ್ದಾರೆ. ಹೆಣ್ಣುಮಕ್ಕಳ ಕೆಲಸವೆಂದು ನನಗಂತೂ ಒಂದು ತೂಕ ಹೆಚ್ಚೇ ಹೆಮ್ಮೆ!

ಆದರೆ ನಮ್ಮ ಹರಿಹರದಲ್ಲಿ ಇದು ಅಷ್ಟು ಸಲೀಸಲ್ಲ. ಶಾಸನಗಳು ಕೂಡಲೂರು ಎನ್ನುವ ಈ ಊರಲ್ಲಿ, ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ಮಂತ್ರಿ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ಗುಡಿಯೇನೋ ಗಟ್ಟಿಯಾಗಿ ನಿಂತಿದೆ. ಸುತ್ತಲಿದ್ದ ಹಳೆಯ ಕೇರಿಗಳ ಮೇಲೆ ಇಂದಿನ ಮನೆಗಳೆದ್ದಿವೆ. ಮನೆ ಎದ್ದ ಕಡೆ ಆಕಾಶದ ಕಣ್ಣು ಕುರುಡು. ಊರಾಚೆ ಹೋದರೆ ಭದ್ರಾ ನಾಲೆಯ ಗದ್ದೆ. ನೀರು ನಿಂತ ಭತ್ತದಲ್ಲಿ ಯಾವ ಗೆರೆ ಕಂಡೀತು? ಅದಕ್ಕೇ ಬೇಸಿಗೆಯದೊಂದು, ಮಳೆಗಾಲದ್ದೊಂದು ಎಂದು ಬೇರೆ ಬೇರೆ ಕಾಲದ ಚಿತ್ರ ಇಟ್ಟುಕೊಂಡು ತಾಳೆ ನೋಡಬೇಕು.

ಚಿತ್ರ ನಂಬಿ ಬೇಸ್ತು ಬಿದ್ದವರೂ ಇದ್ದಾರೆ. 2016ರಲ್ಲಿ ಕೆನಡಾದ 15 ವರ್ಷದ ಹುಡುಗನೊಬ್ಬ ಮಾಯಾ ಜನರ ಕಳೆದುಹೋದ ನಗರ ಕಂಡೆನೆಂದು ಜಗತ್ತೇ ಕೊಂಡಾಡಿತು. ಬಲ್ಲವರು ಕಣ್ಣಿಟ್ಟು ನೋಡಿ, ಅದು ಪಾಳುಬಿಟ್ಟ ಹಳೆಯ ಮೆಕ್ಕೆಜೋಳದ ಹೊಲವಿದ್ದೀತು ಎಂದುಬಿಟ್ಟರು! ಆದ್ದರಿಂದ ಕಾಲ್ನಡಿಗೆಯಲ್ಲಿ ಹೋಗಿ ನೋಡಲೇಬೇಕು, ಹಳಬರನ್ನು ಕೇಳಲೇಬೇಕು. ‘ಹಾಳೂರು’, ‘ಕೋಟೆಹೊಲ’, ‘ಗುಡಿದಿಬ್ಬ’ ಎಂಬ ಹೊಲದ ಹೆಸರುಗಳು ನಮ್ಮ ಅಜ್ಜಿಯರ ಬಾಯಲ್ಲಿವೆ. ಜೆಸಿಬಿಗೆ ದಿಬ್ಬವೊಂದನ್ನು ಸಪಾಟು ಮಾಡಲು ಒಂದು ದಿನ ಸಾಕು. ನಿಧಿಯ ಆಸೆಗೆ ರಾತ್ರಿ ಅಗೆಯುವವರ ಕಾಟ ಬೇರೆ. ಅಗೆಯುವಾಗ ಅಕ್ಷರದ ಕಲ್ಲೋ ವಿಗ್ರಹವೋ ಸಿಕ್ಕರೆ ಅಲ್ಲೇ ಬಿಟ್ಟು, ತಹಸೀಲ್ದಾರರಿಗೋ ಪುರಾತತ್ವ ಇಲಾಖೆಗೋ ತಿಳಿಸಿ. ತೊಳೆದು ಅರಿಸಿನ ಹಚ್ಚುವ ಆತುರ ಬೇಡ.

ಹೀಗೆ ಹೇಳುವ ನನ್ನ ತವರಿನಲ್ಲೇ ಆದದ್ದು ಕೇಳಿ. ಹಿತ್ತಲಿನ ಒಗೆಯುವ ಕಲ್ಲನ್ನು ಈಚೆಗೆ ಮಗುಚಿದರೆ ಅಡಿಯಲ್ಲಿ ಸೂರ್ಯ ಚಂದ್ರರ ಕೆತ್ತನೆ, ಕೆಳಗೆ ಸವೆದ ಅಕ್ಷರ! ಅಮ್ಮ ಮೂವತ್ತು ವರ್ಷ ಅದರ ಬೆನ್ನ ಮೇಲೆ ಬಟ್ಟೆ ಕುಕ್ಕಿದ್ದಳು. ಎಲ್ಲಿಂದ ಬಂತು ಎಂದರೆ, “ಹಾಳೂರಿಂದ ಕಣೆ, ನಿಮ್ಮಜ್ಜ ಗಾಡೀಲಿ ಹೇರಿಕೊಂಡು ಬಂದಿದ್ದು” ಎಂದಳು. ಆ ಹಾಳೂರು ಯಾವ ಕಡೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ತಲೆಯಾಡಿಸಿಬಿಟ್ಟಳು.