ತಂತ್ರಾಂಶದ ಹೊರಗುತ್ತಿಗೆ: ಯಾವ ಕೆಲಸಕ್ಕೆ ಯಾವ ಕರಾರು?

ಬೀಚನಹಳ್ಳಿಯ ಸುತ್ತಮುತ್ತಲಿನ ಹತ್ತಿ ವ್ಯಾಪಾರಿಗಳಾಗಲಿ, ಹುಣಸೂರು–ಪಿರಿಯಾಪಟ್ಟಣದ ಹೊಗೆಸೊಪ್ಪಿನ ವಹಿವಾಟುದಾರರಾಗಲಿ, ಕೃಷ್ಣರಾಜನಗರದ ಅಕ್ಕಿ ಗಿರಣಿ ಮಾಲೀಕರಾಗಲಿ, ಇಂದು ಗಣಕಯಂತ್ರವಿಲ್ಲದೆ ವ್ಯವಹಾರ ನಡೆಸುವುದು ಕಷ್ಟಸಾಧ್ಯ. ಟ್ಯಾಲಿಯಂತಹ ಸಿದ್ಧ ತಂತ್ರಾಂಶದಿಂದ ಕೆಲಸ ಸಾಗುವುದಾದರೆ ಹೊಸದನ್ನು ಬರೆಯಿಸುವ ಅಗತ್ಯವಿಲ್ಲ. ಆದರೆ ಭತ್ತದ ತೇವಾಂಶ, ಅಕ್ಕಿಯ ಇಳುವರಿ, ತೌಡು–ನುಚ್ಚಿನ ಲೆಕ್ಕ ಮುಂತಾದ ವಿಶೇಷ ಅಗತ್ಯಗಳಿಗೆ ಮೈಸೂರು ಅಥವಾ ಬೆಂಗಳೂರಿನ ಸಂಸ್ಥೆಗಳಿಗೆ ಕೆಲಸ ವಹಿಸಬೇಕಾಗಬಹುದು. ಅಂತಹ ಸಂದರ್ಭದಲ್ಲಿ ದರದಷ್ಟೇ ಮುಖ್ಯವಾದುದು ಕರಾರಿನ ಸ್ವರೂಪ.

ಮನೆ ಕಟ್ಟಿಸಿದವರಿಗೆ ಈ ವಿಷಯ ಹೊಸದಲ್ಲ. ಪೂರ್ಣ ಗುತ್ತಿಗೆ ಕೊಟ್ಟರೆ ಖರ್ಚು ಮೊದಲೇ ತಿಳಿದಿರುತ್ತದೆ. ಆದರೆ ಒಂದು ಕಿಟಕಿ ಹೆಚ್ಚಿಸಿದರೂ ಬೇರೆ ಲೆಕ್ಕ. ದಿನಗೂಲಿಯಲ್ಲಿ ಬೇಕಾದಂತೆ ಬದಲಾಯಿಸಬಹುದು. ಆದರೆ ಕೆಲಸ ಬೆಳೆಯುತ್ತಲೇ ಹೋಗಬಹುದು. ತಂತ್ರಾಂಶದ ಕರಾರುಗಳೂ ಮೂಲತಃ ಇವೇ.

1. ಸ್ಥಿರ ಮೊತ್ತದ ಕರಾರು

ನಿಗದಿತ ಕೆಲಸಕ್ಕೆ ನಿಗದಿತ ಹಣ. ಅಂದಾಜು ತಪ್ಪಿದರೆ ನಷ್ಟ ತಯಾರಕರದು. ಆದುದರಿಂದ ಅವರು ಆ ಅಪಾಯದ ಬೆಲೆಯನ್ನು ದರದಲ್ಲಿಯೇ ಸೇರಿಸುತ್ತಾರೆ. ಬೇಕಾದುದನ್ನೆಲ್ಲ ಮೊದಲೇ ಪಟ್ಟಿ ಮಾಡಬಲ್ಲ ಚಿಕ್ಕ ಕೆಲಸಕ್ಕೆ ಇದು ಸೂಕ್ತ.

2. ಕಾಲಾಧಾರಿತ ಕರಾರು

ಕೆಲಸ ಮಾಡಿದ ದಿನ ಅಥವಾ ಗಂಟೆಗಳಿಗೆ ಹಣ. ಅಗತ್ಯಗಳು ಸ್ಪಷ್ಟವಿಲ್ಲದಾಗ ಇದು ಅನುಕೂಲಕರ. ಆದರೆ ಕೆಲಸ ಲಂಬಿಸಿದರೆ ನಷ್ಟ ಗ್ರಾಹಕನದು. ವಾರವಾರವೂ ಪ್ರಗತಿ ಪರಿಶೀಲಿಸಲು ಬಲ್ಲ ವ್ಯಕ್ತಿ ತಮ್ಮಲ್ಲಿಲ್ಲದಿದ್ದರೆ ಇದನ್ನು ಆಯ್ದುಕೊಳ್ಳಬಾರದು.

3. ಮಿತಿಯುಳ್ಳ ಕಾಲಾಧಾರಿತ ಕರಾರು

ದಿನದ ಲೆಕ್ಕವೇ ಆದರೂ ಒಟ್ಟು ಮೊತ್ತಕ್ಕೆ ಮೇಲ್ಮಿತಿ ಇರುತ್ತದೆ. ಉದಾಹರಣೆಗೆ, ದಿನಕ್ಕೆ 5,000 ರೂಪಾಯಿಯಂತೆ 60 ದಿನಗಳ ಕೆಲಸವೆಂದು ಅಂದಾಜಿಸಿದರೆ ವೆಚ್ಚ 3,00,000 ರೂಪಾಯಿ. ಇದೇ ಕೆಲಸಕ್ಕೆ ಸ್ಥಿರ ಮೊತ್ತವಾಗಿ 3,60,000 ರೂಪಾಯಿ ಕೇಳಿದರೆ, ಕೆಲಸವು 72 ದಿನ ಮೀರಿದಾಗ ಮಾತ್ರ ಸ್ಥಿರ ಮೊತ್ತ ಲಾಭದಾಯಕ. 3,50,000ಕ್ಕೆ ಮಿತಿ ಹಾಕಿದರೆ 60 ದಿನಗಳಲ್ಲಿ ಮುಗಿದಾಗ ಉಳಿತಾಯವೂ, 75 ದಿನ ಹಿಡಿದಾಗ ರಕ್ಷಣೆಯೂ ಗ್ರಾಹಕನಿಗೆ ದೊರೆಯುತ್ತವೆ.

4. ವಾರ್ಷಿಕ ನಿರ್ವಹಣಾ ಕರಾರು

ತಂತ್ರಾಂಶ ಸಿದ್ಧವಾದ ನಂತರದ ದೋಷನಿವಾರಣೆ ಹಾಗೂ ತಿದ್ದುಪಡಿಗಳಿಗೆ ಇದು ಅವಶ್ಯ. ಕರೆ ಬಂದ ಎಷ್ಟು ಗಂಟೆಗಳೊಳಗೆ ಸ್ಪಂದಿಸಬೇಕೆಂಬುದು ಇದರಲ್ಲಿರಬೇಕು. ಸುಗ್ಗಿಯಲ್ಲಿ ಲಾರಿ ಬಾಗಿಲಲ್ಲಿ ನಿಂತಿರುವಾಗ ಬಿಲ್ಲು ಹೊರಬಾರದಿದ್ದರೆ ಆಗುವ ನಷ್ಟ ತಂತ್ರಾಂಶದ ಬೆಲೆಗಿಂತಲೂ ಹೆಚ್ಚಾಗಬಹುದು.

ಕಾನೂನು ಬದಲಾದರೆ ಖರ್ಚು ಯಾರದು?

ಕರಾರು ಮಾಡಿಕೊಳ್ಳುವಾಗ ಬಹುಮಂದಿ ಮರೆಯುವ ಪ್ರಶ್ನೆಯಿದು. ಕರ್ನಾಟಕದಲ್ಲಿ 2005ರ ಏಪ್ರಿಲ್ 1ರಂದು ಮೌಲ್ಯವರ್ಧಿತ ತೆರಿಗೆ ಬಂದಿತು. 2017ರ ಜುಲೈ 1ರಂದು ಜಿಎಸ್‌ಟಿ ಬಂದಿತು. 2018ರ ಏಪ್ರಿಲ್ 1ರಂದು ಇ-ವೇ ಬಿಲ್ ಜಾರಿಯಾಯಿತು. 500 ಕೋಟಿ ರೂಪಾಯಿಗೂ ಮೀರಿದ ವಾರ್ಷಿಕ ವಹಿವಾಟಿನವರಿಗೆ 2020ರ ಅಕ್ಟೋಬರ್‌ನಲ್ಲಿ ಆರಂಭವಾದ ಇ-ಇನ್‌ವಾಯ್ಸ್, 2023ರ ಆಗಸ್ಟ್ 1ರಿಂದ 5 ಕೋಟಿ ಮೀರಿದವರಿಗೂ ಕಡ್ಡಾಯವಾಯಿತು. 2022ರ ಜುಲೈ 18ರಿಂದ ಬ್ರ್ಯಾಂಡ್ ಇಲ್ಲದ ಅಕ್ಕಿಯೂ 25 ಕಿಲೋವರೆಗಿನ ಲೇಬಲ್ ಹಚ್ಚಿದ ಚೀಲದಲ್ಲಿದ್ದರೆ ಶೇ. 5ರ ತೆರಿಗೆಗೆ ಒಳಪಟ್ಟಿತು. ಇಂತಹ ಪ್ರತಿಯೊಂದು ಬದಲಾವಣೆಗೂ ಬಿಲ್ಲಿಂಗ್ ತಂತ್ರಾಂಶವನ್ನು ತಿದ್ದಬೇಕಾಯಿತು. ತೆರಿಗೆ ತಿದ್ದುಪಡಿಗಳ ದರವನ್ನು ಮೂಲ ಕರಾರಿನಲ್ಲಿಯೇ ನಮೂದಿಸದಿದ್ದಲ್ಲಿ, ಆಮೇಲೆ ಕೇಳಿದಷ್ಟು ಕೊಡುವ ಸ್ಥಿತಿ ಒದಗುತ್ತದೆ.

ಹಣ ಕೊಟ್ಟರೆ ಹಕ್ಕು ಬಂದಂತಲ್ಲ

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಗಣಕ ಪ್ರೋಗ್ರಾಂ ಒಂದು ಸಾಹಿತ್ಯಕ ಕೃತಿ. ಹೊರಗಿನ ಸಂಸ್ಥೆಯಿಂದ ಬರೆಯಿಸಿದ ಪ್ರೋಗ್ರಾಂನ ಸ್ವಾಮ್ಯ, ಲಿಖಿತ ವರ್ಗಾವಣೆ ಇಲ್ಲದಿದ್ದರೆ, ಸಾಮಾನ್ಯವಾಗಿ ತಯಾರಕರಲ್ಲಿಯೇ ಉಳಿಯುತ್ತದೆ. ವರ್ಗಾವಣೆ ಪತ್ರದಲ್ಲಿ ಅವಧಿಯನ್ನು ಹೇಳದಿದ್ದರೆ 19ನೇ ಕಲಮಿನನ್ವಯ ಅದು 5 ವರ್ಷಗಳಿಗೆ ಮಾತ್ರ ಎಂದು ಭಾವಿಸಲಾಗುತ್ತದೆ. ಆದುದರಿಂದ ಅವಧಿಯನ್ನು ಸ್ಪಷ್ಟವಾಗಿ ಬರೆಯಿಸಿ, ಸೋರ್ಸ್ ಕೋಡ್‌ನ ಪ್ರತಿಯನ್ನು ಪಡೆಯುವುದು ಕ್ಷೇಮ. ತಯಾರಕ ಸಂಸ್ಥೆ ಮುಚ್ಚಿಹೋದರೂ ಬೇರೊಬ್ಬರಿಂದ ಕೆಲಸ ಮುಂದುವರಿಸಲು ಇದೊಂದೇ ಆಧಾರ.

ಪಾವತಿ ಮತ್ತು ವಿಳಂಬ

ಮುಂಗಡವನ್ನು ಕಡಿಮೆಯಿಟ್ಟು, ಉಳಿದುದನ್ನು ಹಂತಹಂತವಾಗಿ ನೀಡಬೇಕು. ಒಂದು ಪಾಲನ್ನು, ಪೂರ್ಣ ತಿಂಗಳ ಲೆಕ್ಕವನ್ನು ಹಳೆಯ ಪುಸ್ತಕದೊಂದಿಗೆ ತಾಳೆ ನೋಡುವವರೆಗೆ ಉಳಿಸಿಕೊಳ್ಳಲು ಕರಾರಿನಲ್ಲಿಯೇ ಅವಕಾಶವಿರಬೇಕು. ವಿಳಂಬಕ್ಕೆ ದಂಡ ಬರೆಯಬಹುದು. ಆದರೆ 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಮಿನಂತೆ ಆ ಮೊತ್ತ ಪರಮಾವಧಿ ಮಾತ್ರ. ಅದರೊಳಗೆ ನ್ಯಾಯಾಲಯಕ್ಕೆ ಯುಕ್ತವೆನಿಸಿದಷ್ಟೇ ಪರಿಹಾರ ದೊರೆಯುತ್ತದೆ.

ಗ್ರಾಹಕನಿಗೂ ಹೊಣೆಯುಂಟು. ತಯಾರಕರು ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿದ್ದಲ್ಲಿ, 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಂತೆ ಕೆಲಸವನ್ನು ಒಪ್ಪಿಕೊಂಡ 45 ದಿನಗಳೊಳಗೆ ಹಣ ಸಲ್ಲಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕಾಗುತ್ತದೆ. ಆದಕಾರಣ 'ಕೆಲಸ ಒಪ್ಪಿಕೊಂಡ ದಿನ' ಯಾವುದೆಂಬುದನ್ನು ಕರಾರಿನಲ್ಲಿ ನಿಖರಗೊಳಿಸುವುದು ಇಬ್ಬರಿಗೂ ಹಿತ.

ಒಟ್ಟಿನಲ್ಲಿ, ಬೇಕಾದುದು ಖಚಿತವಾಗಿದ್ದರೆ ಸ್ಥಿರ ಮೊತ್ತ. ಖಚಿತವಿಲ್ಲದಿದ್ದರೆ ಮಿತಿಯುಳ್ಳ ಕಾಲಾಧಾರಿತ ಕರಾರು. ಎರಡೂ ಸಂದರ್ಭಗಳಲ್ಲಿ ನಿರ್ವಹಣೆಗೆ ಪ್ರತ್ಯೇಕ ಕರಾರು. ದೊಡ್ಡ ಕೆಲಸವಾದರೆ ಮೊದಲು ಅಗತ್ಯಗಳ ಪಟ್ಟಿಯನ್ನಷ್ಟೇ ಒಂದು ಚಿಕ್ಕ ಕರಾರಿನಡಿ ತಯಾರಿಸಿಕೊಂಡು, ಅದರ ಆಧಾರದ ಮೇಲೆ ಎರಡು–ಮೂರು ಸಂಸ್ಥೆಗಳಿಂದ ದರ ಕೇಳುವುದು ವಿವೇಕ. ಸಹಿ ಹಾಕುವ ಮುನ್ನ ವಕೀಲರಿಗೂ ಲೆಕ್ಕಪರಿಶೋಧಕರಿಗೂ ಒಮ್ಮೆ ತೋರಿಸಿದರೆ ಮುಂದಿನ ವ್ಯಾಜ್ಯದ ಖರ್ಚು ಉಳಿಯುತ್ತದೆ.