ಅಟ್ಟದ ಮೇಲಿನ ವಿಡಿಯೊ ಗೇಮ್ ಮತ್ತು ದುರಸ್ತಿಯ ಅರ್ಥಶಾಸ್ತ್ರ

ಯಾದಗಿರಿ, ಶಹಾಪುರ, ಸುರಪುರಗಳನ್ನು ಹಿಂದುಳಿದ ಪ್ರದೇಶವೆಂದು ನಮೂದಿಸುವುದು ಸರ್ಕಾರಿ ಕಡತಗಳ ರೂಢಿ. ಟಿ.ವಿ.ಯ ಮಟ್ಟಿಗೆ ಮಾತ್ರ ಈ ಸೀಮೆ ರಾಜಧಾನಿಗಿಂತ ಮುಂದಿತ್ತು. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಉಪಗ್ರಹ ಪ್ರಯೋಗಕ್ಕೆ ಕರ್ನಾಟಕದಿಂದ ಆಯ್ಕೆಯಾದದ್ದು ಗುಲ್ಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳು. ಈ ಮೂರೂ ತಾಲ್ಲೂಕುಗಳು ಆಗ ಗುಲ್ಬರ್ಗಾಕ್ಕೆ ಸೇರಿದ್ದವು; ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರಲ್ಲಿ. ಬೆಂಗಳೂರು ದೂರದರ್ಶನ ಆರಂಭವಾದದ್ದು 1981ರಲ್ಲಿ.

ಮುಂದೆ ಅದೇ ಟಿ.ವಿ.ಗೆ ಮಕ್ಕಳು ವಿಡಿಯೊ ಗೇಮ್ ಜೋಡಿಸತೊಡಗಿದರು. ಜಪಾನಿನ ನಿಂಟೆಂಡೊ ಸಂಸ್ಥೆ 1983ರಲ್ಲಿ ಹೊರತಂದ ‘ಫ್ಯಾಮಿಕಾಮ್’ ಯಂತ್ರದ ಅಗ್ಗದ ನಕಲುಗಳೇ ನಮ್ಮಲ್ಲಿ ಹೆಚ್ಚಾಗಿ ಬಳಕೆಗೆ ಬಂದವು. ಗ್ರಾಹಕ ವಸ್ತುಗಳ ಆಮದಿನ ಮೇಲಿನ ಪರಿಮಾಣ ನಿರ್ಬಂಧಗಳು ಪೂರ್ಣವಾಗಿ ತೆರವಾದದ್ದು 2001ರ ಏಪ್ರಿಲ್‌ನಲ್ಲಿ ಎಂಬುದನ್ನು ನೆನೆದರೆ ಇದು ಆಶ್ಚರ್ಯವಲ್ಲ. ಹಾಗೆ ನೋಡಿದರೆ ಅಸಲಿ ಜಪಾನಿ ಯಂತ್ರದ ಎನ್‌ಟಿಎಸ್‌ಸಿ ಸಂಕೇತ ನಮ್ಮ ‘ಪಾಲ್’ ಪದ್ಧತಿಯ ಟಿ.ವಿ.ಯಲ್ಲಿ ಕಪ್ಪು-ಬಿಳುಪಾಗಿ ಕಾಣುತ್ತಿತ್ತು. ಬಣ್ಣ ಕಾಣಿಸಿದ್ದು ನಕಲಿಯೇ!

ಅಂದಿನ ಬಾಲಕರು ಇಂದು ಮಕ್ಕಳೊಂದಿಗರು. ಅಟ್ಟದಿಂದ ಇಳಿಸಿದ ಯಂತ್ರವನ್ನು ಚಪ್ಪಟೆ ಟಿ.ವಿ.ಗೆ ಜೋಡಿಸಿದರೆ ಕಾಣುವುದು ಮಸುಕು, ಅಲೆ, ಕಲೆಸಿದ ಬಣ್ಣ. ಯಂತ್ರ ಸತ್ತಿದೆಯೆಂದು ಭಾವಿಸಿ ಗುಜರಿಗೆ ಹಾಕುವವರೇ ಹೆಚ್ಚು. ದೋಷ ಯಂತ್ರದಲ್ಲಿಲ್ಲ, ದಾರಿಯಲ್ಲಿದೆ. ಒಳಗಿನ ಚಿಪ್ ಸಿದ್ಧಪಡಿಸಿದ ಚಿತ್ರಸಂಕೇತವನ್ನು ತಗಡಿನ ಪುಟ್ಟ ಡಬ್ಬಿಯೊಂದು ಧ್ವನಿಯೊಡನೆ ಬೆರೆಸಿ ರೇಡಿಯೊ ತರಂಗದ ಮೇಲೇರಿಸುತ್ತದೆ. ಟಿ.ವಿ. ಅದನ್ನು ಆಂಟೆನಾ ರಂಧ್ರದಿಂದ ಪಡೆದು ಮತ್ತೆ ಬಿಡಿಸುತ್ತದೆ. ಗಡಿಯಾಚೆಯ ಸರಕನ್ನು ಎರಡು ಬಾರಿ ಇಳಿಸಿ ಏರಿಸಿದಂತೆ. ಪ್ರತಿ ಬಾರಿಯೂ ಅಷ್ಟಿಷ್ಟು ನಷ್ಟ.

ಪರಿಹಾರ ಸರಳ. ಡಬ್ಬಿಯನ್ನು ತಲುಪುವ ಮುನ್ನವೇ ಸಂಕೇತವನ್ನು ತಂತಿಯಿಂದ ಹೊರತಂದು, ಒಂದು ಟ್ರಾನ್ಸಿಸ್ಟರ್‌ನಿಂದ ಬಲಗೊಳಿಸಿ, 75 ಓಮ್ ರೆಸಿಸ್ಟರ್ ಮತ್ತು ಒಂದು ಕೆಪಾಸಿಟರ್ ಮೂಲಕ ಹಳದಿ ಪಿನ್ನಿಗೆ ಒದಗಿಸುವುದು. ಧ್ವನಿಗೆ ಬೇರೆ ತಂತಿ. ಬಿಡಿಭಾಗಗಳ ಬೆಲೆ ಕೆಲವೇ ಹತ್ತು ರೂಪಾಯಿ. ಇದಕ್ಕೂ ಮುಂದೆ ಹೋಗಿ ಎಚ್‌ಡಿಎಂಐ ಫಲಕ ಕೂರಿಸುವವರು ಹೊರದೇಶಗಳಲ್ಲಿದ್ದಾರೆ. ಆದರೆ ಅದಕ್ಕೆ ಅಸಲಿ ಯಂತ್ರದ ಬಿಡಿ ಚಿಪ್‌ಗಳು ಬೇಕು. ಅಗ್ಗದ ನಕಲುಗಳಲ್ಲಿ ಎಲ್ಲವೂ ಕಪ್ಪು ರಾಳದ ಒಂದೇ ಗುಳ್ಳೆಯೊಳಗೆ ಹುದುಗಿರುವುದುಂಟು. ಅಲ್ಲಿ ಹಳದಿ ಪಿನ್ನೇ ಕೊನೆಯ ನಿಲ್ದಾಣ. ಚಪ್ಪಟೆ ಟಿ.ವಿ. ಈ 240 ಗೆರೆಗಳ ಚಿತ್ರವನ್ನು ತಪ್ಪಾಗಿ ಅರ್ಥೈಸುವ ತೊಂದರೆ ಆಗಲೂ ಉಳಿಯಬಹುದು. ಹಳೆಯ ಪಿಕ್ಚರ್ ಟ್ಯೂಬ್ ಟಿ.ವಿ. ಇದ್ದವರು ಪುಣ್ಯವಂತರು.

ಈ ಕೆಲಸ ಬಲ್ಲವರು ಯಾರು? ತಾಲ್ಲೂಕು ಕೇಂದ್ರಗಳ ರೇಡಿಯೊ-ಟಿ.ವಿ. ರಿಪೇರಿ ಅಂಗಡಿಯವರು. ಅವರ ಮಕ್ಕಳು ಮೊಬೈಲ್ ಗಾಜು ಬದಲಿಸುವ ಕಸುಬಿಗೆ ಹೊರಳಿದ್ದಾರೆ. ಕೇಂದ್ರ ಸರ್ಕಾರ 2022ರಲ್ಲಿ ದುರಸ್ತಿ ಹಕ್ಕಿನ ಜಾಲತಾಣ ತೆರೆಯಿತು, ಇ-ತ್ಯಾಜ್ಯದ ಹೊಸ ನಿಯಮಗಳು 2023ರ ಏಪ್ರಿಲ್‌ನಿಂದ ಜಾರಿಗೆ ಬಂದವು. ಇವು ತಯಾರಕರನ್ನು ಉದ್ದೇಶಿಸಿದ ಕ್ರಮಗಳು. ಬೆಸುಗೆ ಹಾಕುವ ಕೈ ಅವುಗಳ ಲೆಕ್ಕದಲ್ಲಿ ಇಲ್ಲ. ಐಟಿಐ ವಿದ್ಯಾರ್ಥಿಗಳ ಕೈಗೆ ಇಂಥ ಯಂತ್ರಗಳನ್ನು ಕೊಡಬಹುದೆಂಬುದು ನನ್ನ ಸಲಹೆ. ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಈ ಯಂತ್ರದ ಒಳಗೆ ನಡೆಯುವುದು ಕೇವಲ 5 ವೋಲ್ಟ್. ಕೆಟ್ಟರೆ ಯಂತ್ರ ಕೆಟ್ಟೀತು, ಕಲಿಯುವವನಿಗೆ ಅಪಾಯವಿಲ್ಲ. ಅಡಾಪ್ಟರ್‌ನ ಧನ-ಋಣ ತುದಿಗಳನ್ನು ಮಾತ್ರ ಮೊದಲೇ ಪರೀಕ್ಷಿಸಿಕೊಳ್ಳಬೇಕು: ಅಸಲಿ ಫ್ಯಾಮಿಕಾಮ್‌ನಲ್ಲಿ ನಡುವಿನ ಪಿನ್ ಋಣ, ಇಂದು ಅಂಗಡಿಯಲ್ಲಿ ಸಿಗುವ ಬಹುತೇಕ ಅಡಾಪ್ಟರ್‌ಗಳಲ್ಲಿ ಅದು ಧನ.