ತಾನೇ ದುಡಿಯುವ ಪೇಶಿ, ನಾವು ತಡೆಯುವ ವೇಗ

ಕಾರಹುಣ್ಣಿಮೆಯ ಕರಿಯಲ್ಲಿ ಕಾಖಂಡಕಿಯ ಹೋರಿಗಳು ಓಡುವುದನ್ನು ಕಂಡವರಿಗೆ ಪೇಶಿಯ ಬಲವೆಂದರೇನೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ಆ ಓಟ ಕೆಲವೇ ಕ್ಷಣಗಳದು. ನಮ್ಮ ದೇಹದಲ್ಲಿ ಇನ್ನೊಂದು ಬಗೆಯ ಪೇಶಿಯಿದೆ. ಅದು ಗಾಣದ ಎತ್ತಿನಂತೆ ಆತುರವಿಲ್ಲದೆ ಹಗಲಿರುಳು ದುಡಿಯುತ್ತದೆ. ಜಠರ, ಕರುಳು, ರಕ್ತನಾಳ, ಶ್ವಾಸನಾಳ, ಗರ್ಭಾಶಯ, ಮೂತ್ರಾಶಯಗಳ ಗೋಡೆಗಳಲ್ಲಿ ಇರುವ ಇದಕ್ಕೆ ನುಣುಪು ಪೇಶಿ ಎಂದು ಹೆಸರು. ಶಾಲಾ ಪುಸ್ತಕಗಳು ಇದನ್ನು ಅನೈಚ್ಛಿಕ ಸ್ನಾಯು ಎನ್ನುತ್ತವೆ. ಆಯುರ್ವೇದದಲ್ಲಿ ಸ್ನಾಯುವೆಂದರೆ ಬಂಧಿಸುವ ತಂತು. ಆದ್ದರಿಂದ ನಾವು ಪೇಶಿಯೆಂದೇ ಕರೆಯುತ್ತೇವೆ.

ರಚನೆ ಮತ್ತು ಸಂಕೋಚನ

ತೋಳಿನ ಪೇಶಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಡ್ಡಪಟ್ಟೆಗಳು ಕಾಣುತ್ತವೆ. ನುಣುಪು ಪೇಶಿಯಲ್ಲಿ ಅವು ಇಲ್ಲ. ಇದರ ಜೀವಕೋಶ ಕದಿರಿನಂತೆ ನಡುವೆ ದಪ್ಪ, ಎರಡು ತುದಿಗಳಲ್ಲಿ ಚೂಪು. ನಡುವೆ ಒಂದೇ ಕೇಂದ್ರ. ಒಳಗೆ ಆಕ್ಟಿನ್ ಮತ್ತು ಮಯೋಸಿನ್ ಎಂಬ ಎಳೆಗಳು ಜಾಳಿಗೆಯಂತೆ ಓರೆಯಾಗಿ ಹರಡಿಕೊಂಡಿರುತ್ತವೆ. ಎಳೆಗಳು ಜಗ್ಗಿದಾಗ ಕೋಶವು ಎಲ್ಲ ಕಡೆಯಿಂದ ಮುದುಡಿ ಗಿಡ್ಡಾಗುತ್ತದೆ.

ಈ ಜಗ್ಗುವಿಕೆಗೆ ಅಪ್ಪಣೆ ಕೊಡುವುದು ಕ್ಯಾಲ್ಸಿಯಂ. ಅದು ಕ್ಯಾಲ್ಮೊಡ್ಯುಲಿನ್ ಎಂಬ ಪ್ರೋಟೀನಿನೊಡನೆ ಕೂಡಿ ಒಂದು ಕಿಣ್ವವನ್ನು ಎಚ್ಚರಿಸುತ್ತದೆ. ಆ ಕಿಣ್ವವು ಮಯೋಸಿನ್‌ಗೆ ಫಾಸ್ಫೇಟನ್ನು ಜೋಡಿಸಿದ ಮೇಲೆಯೇ ಮಯೋಸಿನ್ ಆಕ್ಟಿನ್ನನ್ನು ಹಿಡಿದು ಎಳೆಯುತ್ತದೆ. ಇಷ್ಟು ಹಂತಗಳಿರುವುದರಿಂದ ಕೆಲಸ ನಿಧಾನ. ಆದರೆ ಒಮ್ಮೆ ಹಿಡಿದ ಹಿಡಿತವನ್ನು ಅತಿ ಕಡಿಮೆ ಶಕ್ತಿಯಲ್ಲಿ ಬಹಳ ಹೊತ್ತು ಕಾಯ್ದುಕೊಳ್ಳುತ್ತದೆ. ಕ್ಯಾಲ್ಸಿಯಂ ಹಿಂದೆ ಸರಿದು, ಇನ್ನೊಂದು ಕಿಣ್ವ ಆ ಫಾಸ್ಫೇಟನ್ನು ಕಳಚಿದಾಗ ಪೇಶಿ ಸಡಿಲಾಗುತ್ತದೆ.

ನಾವು ಕಲಿತ ಪಾಠ

ಹಲವು ವರ್ಷಗಳ ಹಿಂದೆ ದ್ರಾಕ್ಷಿ ತೋಟದಲ್ಲಿ ದುಡಿಯುವ ತಾಯಿಯೊಬ್ಬರು ಹೊಟ್ಟೆ ಹಿಡಿದುಕೊಂಡು ನಮ್ಮಲ್ಲಿಗೆ ಬಂದರು. ವಾಯುವಿನ ನೋವೆಂದು ತಿಳಿದು ನಾವು ಚೂರ್ಣ ಕೊಟ್ಟು ಕಳಿಸಿದೆವು. ಎರಡು ದಿನಗಳ ನಂತರ ವಿಜಯಪುರದಲ್ಲಿ ಸ್ಕ್ಯಾನ್ ಮಾಡಿಸಿದಾಗ ಮೂತ್ರನಾಳದಲ್ಲಿ ಹರಳು ಸಿಕ್ಕಿಕೊಂಡಿತ್ತು. 25 ರಿಂದ 30 ಸೆಂಟಿಮೀಟರ್ ಉದ್ದದ ಆ ನಾಳ ನುಣುಪು ಪೇಶಿಯದು. ಹರಳನ್ನು ಮುಂದೆ ನೂಕಲು ಅದು ಮತ್ತೆ ಮತ್ತೆ ಹಿಂಡುತ್ತಿತ್ತು; ಅಲೆಯಲೆಯಾಗಿ ಬಂದ ನೋವಿಗೆ ಅದೇ ಕಾರಣ.

“ನೀರು ಎಷ್ಟು ಕುಡಿಯುತ್ತೀರವ್ವಾ?” ಎಂದು ಕೇಳಿದಾಗ ಅವರು ತಲೆ ತಗ್ಗಿಸಿದರು. “ಕುಡದರ ಹೊರಗ ಹೋಗಬೇಕಾಗತೈತ್ರಿ. ತೋಟದಾಗ ಮರಿ ಎಲ್ಲೈತ್ರಿ?” ಎಂದರು. ಮೊದಲ ದಿನವೇ ನಾವು ಕೇಳಬೇಕಾಗಿದ್ದ ಪ್ರಶ್ನೆ ಅದು.

ಚರಕ ಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯವು ತಡೆಯಬಾರದ 13 ವೇಗಗಳನ್ನು ಹೇಳುತ್ತದೆ. ಅವುಗಳಲ್ಲಿ ಮೊದಲನೆಯದು ಮೂತ್ರ, ಬಾಯಾರಿಕೆಯೂ ಅವುಗಳಲ್ಲೊಂದು. ಆ ತಾಯಿ ಒಂದನ್ನು ತಡೆಯಲು ಇನ್ನೊಂದನ್ನೂ ತಡೆಯುತ್ತಿದ್ದರು. ಮೂತ್ರಾಶಯದ ಪೇಶಿ ನಮ್ಮ ಮಾತು ಕೇಳುವುದಿಲ್ಲ. ಹೊರಬಾಗಿಲ ಪೇಶಿಯೊಂದೇ ನಮ್ಮ ಅಧೀನ. ಅದನ್ನು ದಿನವಿಡೀ ಬಿಗಿಹಿಡಿದರೆ ಒಳಗಿನ ಪೇಶಿ ಹಿಗ್ಗಿ ಬಲಗುಂದಬಹುದು, ನಿಂತ ಮೂತ್ರದಲ್ಲಿ ಸೋಂಕು ಬೆಳೆಯಬಹುದು. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಹರಳು ಕೂಡುತ್ತದೆ.

ಪಾಲಿಸಬೇಕಾದುದು

ಮೂತ್ರ ತಿಳಿಹಳದಿಯಾಗಿರುವಷ್ಟು ನೀರು ಕುಡಿಯಬೇಕು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳಿ ಅಳತೆ ಮಾಡಿಕೊಳ್ಳಬೇಕು. ಮೂರು ನಾಲ್ಕು ಗಂಟೆಗೊಮ್ಮೆ ಮೂತ್ರ ವಿಸರ್ಜಿಸಬೇಕು. ನೋವಿನೊಂದಿಗೆ ಜ್ವರ, ಚಳಿ, ಮೂತ್ರದಲ್ಲಿ ರಕ್ತ, ಅಥವಾ ಮೂತ್ರವೇ ನಿಂತುಹೋದರೆ ನೆಗ್ಗಿಲ ಮುಳ್ಳಿನ ಕಷಾಯ ಕುದಿಸುತ್ತ ಕೂಡದೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ತೋಟ, ಹೊಲ ಉಳ್ಳ ಭಕ್ತರಲ್ಲಿ ನಮ್ಮದೊಂದು ವಿನಂತಿ. ಆಳುಗಳಿಗೆ ಒಂದು ಕೊಡ ನೀರಿಡುವಾಗ, ಹೆಣ್ಣುಮಕ್ಕಳಿಗಾಗಿ ನಾಲ್ಕು ಗಳು ನೆಟ್ಟು ಒಂದು ಮರೆಯನ್ನೂ ಕಟ್ಟಿಸಿರಿ. ಮರೆಯಿಲ್ಲದಿದ್ದರೆ ಆ ಕೊಡದ ನೀರು ಕೊಡದಲ್ಲಿಯೇ ಉಳಿಯುತ್ತದೆ.